ಸಾವಿರ ಡಾಲರಿನ ಮೂಢನಂಬಿಕೆ

ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಹೊಸ ಗಿರಾಕಿಯ ಕಿವಿಗೆ ಬೀಳುವ ಒಂದು ನಾಣ್ಣುಡಿ ಇದೆ: ಒಂದೇ ಸಲ ಕೊಳ್ಳು, ಒಂದೇ ಸಲ ಅಳು. ದುಬಾರಿಯದನ್ನೇ ತಗೋ, ದುಡ್ಡು ಎಣಿಸುವಾಗ ಒಮ್ಮೆ ಅತ್ತುಬಿಡು, ಆಮೇಲೆ ನೆಮ್ಮದಿ ಅಂತ ಅರ್ಥ. ಬೂಟಿಗೋ ಫ್ರಿಜ್ಜಿಗೋ ಈ ಮಾತು ಹೊಂದೀತು. ಆದರೆ ಖಾಲಿಯಾದ ರೈಫಲ್ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಕೆಲಸಕ್ಕೆ, ಅಲ್ಲಿಯವರು ರೀಲೋಡಿಂಗ್ ಅನ್ನುವ ಕಸುಬಿಗೆ, ಈ ಮಾತನ್ನು ತಂದು ಅಂಟಿಸುವಾಗ ಅದಕ್ಕೊಂದು ಬಾಲವೂ ಬೆಳೆಯುತ್ತದೆ: ಅಗ್ಗದ ಸಾಮಾನು ಇಟ್ಟುಕೊಂಡು ಶುರು ಮಾಡಿದರೆ ಕೈ ಹೋದೀತು, ಕಣ್ಣು ಹೋದೀತು.

ಪೆನ್ಸಿಲ್ವೇನಿಯಾದ ನಮ್ಮ ಊರಿನ ಕನ್ನಡ ಕೂಟದ ಹುಡುಗನೊಬ್ಬ, ಶಿವಮೊಗ್ಗದವನು, ಕಳೆದ ಚಳಿಗಾಲ ನನ್ನ ಮನೆಗೆ ಒಂದು ಚೀಟಿ ಹಿಡಿದು ಬಂದ. ಜಿಂಕೆ ಬೇಟೆಗೆ ಅಂತ .308 ಅಳತೆಯ ರೈಫಲ್ ಕೊಂಡಿದ್ದ. ತೋಟಾ ತಾನೇ ತುಂಬಿಕೊಳ್ಳಬೇಕು ಅಂತ ಆಸೆ. ಚೀಟಿಯಲ್ಲಿ ಹದಿನೆಂಟು ಸಾಮಾನು, ಒಟ್ಟು 1,340 ಡಾಲರ್. "ಇಷ್ಟಿಲ್ಲದೆ ಕೈ ಹಾಕಬೇಡ ಅಂದ್ರು ಅಣ್ಣ, ಅಪಾಯವಂತೆ" ಅಂದ. ಹೇಳಿದವರು ಯಾರು ಅಂತ ಕೇಳಿದೆ. ಅಂಗಡಿಯವನೂ ಹೇಳಿದ್ದ, ಗುರಿ ಅಭ್ಯಾಸದ ರೇಂಜಿನಲ್ಲಿ ಪರಿಚಯವಾದ ಹಿರಿಯರಿಬ್ಬರೂ ಹೇಳಿದ್ದರು.

ಅಂಗಡಿಯವನೊಬ್ಬನೇ ಹೇಳಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ವ್ಯಾಪಾರಿ ವ್ಯಾಪಾರದ ಮಾತಾಡದೆ ಇನ್ನೇನು ಮಾಡಿಯಾನು? ಸಿಟ್ಟು ಬರುವುದು ಆ ಹಿರಿಯರ ಮೇಲೆ. ಮೂವತ್ತು ನಲವತ್ತು ವರ್ಷ ಕೋವಿ ಹಿಡಿದವರು, ಕೆಟ್ಟವರಲ್ಲ, ಕೇಳಿದ್ದಕ್ಕೆಲ್ಲ ಸಹಾಯ ಮಾಡುವವರು. ತಾವು ಶುರು ಮಾಡಿದ್ದು ಅಡುಗೆಮನೆಯ ಮೇಜಿನ ಮೇಲೆ, ಒಂದು ಮರದ ಸುತ್ತಿಗೆ ಹಿಡಿದು ಅನ್ನುವುದನ್ನು ಮಾತ್ರ ಚೆನ್ನಾಗಿ ಮರೆತವರು. ತಾವು ಹತ್ತಿ ಬಂದ ಏಣಿಯನ್ನು ಈಗ ಅಪಾಯಕಾರಿ ಅಂತ ಎತ್ತಿಡುತ್ತಿದ್ದಾರೆ. ನಾನು ಹೇಳುವುದಿಷ್ಟು: ಅವರ ಮಾತು ಪೂರಾ ತಲೆಕೆಳಗು. ಈ ಕೆಲಸದಲ್ಲಿ ಕೈ ಕಣ್ಣು ಹೋಗುವುದು ಅವಸರದಿಂದ. ದುಬಾರಿ ಯಂತ್ರ ದುಡ್ಡಿಗೆ ಬದಲಾಗಿ ಕೊಡುವುದೂ ಅವಸರವನ್ನೇ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ತೋಟಾ ಅಂದರೆ ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕೂತ ಪ್ರೈಮರ್ (ಮಲೆನಾಡಿನವರು ಕೇಪು ಅಂದುಕೊಳ್ಳಿ), ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಕಚ್ಚಿಕೊಂಡ ಗುಂಡು. ಈಡು ಹಾರಿದ ಮೇಲೆ ಮೂರು ಮುಗಿದುಹೋಗುತ್ತವೆ, ಕೇಸು ಉಳಿಯುತ್ತದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಆ ಲೋಹ ಒತ್ತಡಕ್ಕೆ ಉಬ್ಬಿ ನಳಿಗೆಯ ಹಿಂದಿನ ಗೂಡಿನ ಗೋಡೆಗೆ ಅಪ್ಪಿಕೊಳ್ಳುತ್ತದೆ, ಒತ್ತಡ ಇಳಿದ ಕೂಡಲೇ ಕೊಂಚ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಅದನ್ನು ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಹಳೆಯ ಪ್ರೈಮರ್ ಚುಚ್ಚಿ ತೆಗೆದು ಹೊಸದು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸಿದರೆ ಮುಗಿಯಿತು. ಇದಕ್ಕೆಲ್ಲ ಅನುಕೂಲವಾದದ್ದು ಪ್ರೈಮರಿನ ಹಿಂದೆ ನಟ್ಟನಡುವೆ ಇರುವ ಒಂದೇ ತೂತು. ಆ ಮಾದರಿ ಬಾಕ್ಸರ್ ಎಂಬ ಇಂಗ್ಲಿಷ್ ಅಧಿಕಾರಿಯದು. ಎರಡು ತೂತಿನ, ಚುಚ್ಚಿ ತೆಗೆಯಲು ಕಷ್ಟವಾದ ಮಾದರಿ ಬರ್ಡನ್ ಎಂಬ ಅಮೆರಿಕನ್ನನದು. ವಿಚಿತ್ರ ನೋಡಿ, ಅಮೆರಿಕ ಇಂಗ್ಲೆಂಡಿನವನದನ್ನು ಹಿಡಿಯಿತು, ಯುರೋಪು ಅಮೆರಿಕನ್ನನದನ್ನು ಹಿಡಿಯಿತು. ಅಮೆರಿಕದಲ್ಲಿ ಮನೆಮನೆಯಲ್ಲಿ ತೋಟಾ ತುಂಬುವ ಅಭ್ಯಾಸ ಬೆಳೆದದ್ದರಲ್ಲಿ ಆ ಒಂದು ತೂತಿನ ಪಾಲು ಸಣ್ಣದಲ್ಲ.

ಮೂಡಿಗೆರೆಯಲ್ಲೋ ಮಡಿಕೇರಿಯಲ್ಲೋ ಕೂತು ಓದುತ್ತಿರುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಲೈಸೆನ್ಸು ಬೇಡ, ಮಾರುವುದಕ್ಕೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ತೋಟಾ ತಯಾರಿಸುವುದಕ್ಕೇ ಲೈಸೆನ್ಸು ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟದ್ದು. ಆದ್ದರಿಂದ ಇದನ್ನು ಅಮೆರಿಕದ ಸಂಗತಿ ಅಂತಲೇ ಓದಿ.

ಈಗ ದುಡ್ಡಿನ ಲೆಕ್ಕ. ಈ ಕಸುಬಿನ ತಕ್ಕಡಿಗಳೆಲ್ಲ ಗ್ರೇನಿನವು. ಒಂದು ಪೌಂಡಿಗೆ 7,000 ಗ್ರೇನ್. .308 ತೋಟಾಕ್ಕೆ ಹಿಡಿಸುವ ಮದ್ದು ಸಾಮಾನ್ಯವಾಗಿ ನಲವತ್ತರ ಆಸುಪಾಸಿನ ಗ್ರೇನು, ಅಂದರೆ ಪೌಂಡಿಗೆ ನೂರೈವತ್ತಕ್ಕೂ ಮಿಕ್ಕಿ ತೋಟಾ. ಪೌಂಡಿಗೆ 45 ಡಾಲರ್ ಕೊಟ್ಟರೂ ತೋಟಾ ಒಂದಕ್ಕೆ ಮೂವತ್ತು ಸೆಂಟಿನೊಳಗೆ. ಪ್ರೈಮರ್ ಎಂಟೋ ಹತ್ತೋ ಸೆಂಟು. ಬೇಟೆಗೆ ಸಾಕಾಗುವ ಗುಂಡು ನಲವತ್ತು ಸೆಂಟಿನ ಸುತ್ತ. ಕೇಸು ಹೇಗೂ ಹಿಂದೆ ಹೊಡೆದದ್ದೇ ಇದೆ. ಎಲ್ಲ ಸೇರಿ ಎಂಬತ್ತು ಸೆಂಟು ಅನ್ನಿ. ಅದೇ ದರ್ಜೆಯ ಕಾರ್ಖಾನೆ ತೋಟಾಕ್ಕೆ ನಾನು ಕೊಡುತ್ತಿದ್ದದ್ದು ಒಂದು ಡಾಲರ್ ಎಂಬತ್ತು ಸೆಂಟಿನ ಹತ್ತಿರ. ತೋಟಾಕ್ಕೆ ಒಂದು ಡಾಲರ್ ಉಳಿತಾಯ ಅಂತ ಸಲೀಸಾಗಿ ಇಟ್ಟುಕೊಳ್ಳಬಹುದು.

ಈ ಒಂದು ಡಾಲರನ್ನು ಹಿಡಿದುಕೊಂಡು ಹುಡುಗನ ಚೀಟಿಯ ಕಡೆಗೆ ಬನ್ನಿ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ತಾನಾಗಿ ತುಂಬಿಕೊಳ್ಳುವ ಅರೆ-ಸ್ವಯಂಚಾಲಿತ ರೈಫಲ್ ಬಳಸುವ ಹಾಗಿಲ್ಲ. ಹೆಚ್ಚಿನವರ ಕೈಯಲ್ಲಿರುವುದು ಬೋಲ್ಟ್ ಎಳೆದು ಒಂದೊಂದೇ ಈಡು ಹೊಡೆಯುವ ರೈಫಲ್. 2019ಕ್ಕೆ ಮುಂಚೆ ಋತು ಶುರುವಾಗುತ್ತಿದ್ದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ, ಆವತ್ತು ಎಷ್ಟೋ ಊರುಗಳಲ್ಲಿ ಶಾಲೆಗೇ ರಜೆ. ಈಗ ಶನಿವಾರವೇ ಶುರು. ಇಡೀ ಋತುವಿನಲ್ಲಿ ಬೇಟೆಗಾರ ಹೊಡೆಯುವುದು ಎರಡೋ ಮೂರೋ ಈಡು. ಅದಕ್ಕೆ ಮುಂಚಿನ ತಿಂಗಳುಗಳ ಅಭ್ಯಾಸ ಸೇರಿಸಿ ವರ್ಷಕ್ಕೆ ಎಪ್ಪತ್ತು ತೋಟಾ ಅಂತಿಟ್ಟುಕೊಳ್ಳಿ. 1,340 ಡಾಲರಿನ ಸಾಮಾನು ತನ್ನ ಅಸಲನ್ನು ತೀರಿಸಬೇಕಾದರೆ ಹತ್ತೊಂಬತ್ತು ವರ್ಷ. ಹನ್ನೊಂದು ವರ್ಷದ ಹಿಂದೆ ನಾನು ಕೊಂಡ ಮೊದಲ ಸಾಮಾನುಗಳಿಗೆ ಬಿದ್ದದ್ದು 214 ಡಾಲರ್, ಮೂರೇ ವರ್ಷಕ್ಕೆ ತೀರಿತು. ಕೇಸನ್ನು ಡೈಗೆ ಒತ್ತುವ ಒಂದು ಸಣ್ಣ ಪ್ರೆಸ್ಸು, ಡೈಗಳ ಜೋಡಿ, ತಕ್ಕಡಿ, ಕ್ಯಾಲಿಪರ್, ಕೇಸಿನ ಉದ್ದ ಕತ್ತರಿಸುವ ಚಿಕ್ಕ ಸಾಧನ, ಒಂದು ಡಬ್ಬಿ ಜಿಡ್ಡು, ಕನ್ನಡಕ, ಯಾವ ತೋಟಾಕ್ಕೆ ಎಷ್ಟು ಮದ್ದು ಅಂತ ಹೇಳುವ ಒಂದು ಪುಸ್ತಕ. ಕೇಸು ನಿಲ್ಲಿಸುವ ಮಣೆಗೆ ಮರದ ತುಂಡಿನಲ್ಲಿ ಐವತ್ತು ತೂತು ಕೊರೆದುಕೊಂಡೆ.

ಇದಕ್ಕೆ ಕೆಲವು ಸಿನಿಕರ ಉತ್ತರ ಸಿದ್ಧವಿರುತ್ತದೆ: ರೀಲೋಡಿಂಗಿನಲ್ಲಿ ಯಾರೂ ದುಡ್ಡು ಉಳಿಸಿದ್ದಿಲ್ಲ, ಅದೇ ದುಡ್ಡಿಗೆ ಹೆಚ್ಚು ಈಡು ಹೊಡೆಯುತ್ತಾರೆ ಅಷ್ಟೆ. ಮಾತು ಅವರ ಮಟ್ಟಿಗೆ ನಿಜ. ಆನೆ ಕಟ್ಟಿದವನು ದಿನವಿಡೀ ಮೇವು ಹೊಂದಿಸುತ್ತ ಓಡಾಡಲೇಬೇಕು. ಗಂಟೆಗೆ ನಾನೂರು ತೋಟಾ ಉದುರಿಸುವ ಯಂತ್ರವನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡು ವರ್ಷಕ್ಕೆ ಎಪ್ಪತ್ತು ತುಂಬುವುದಕ್ಕೆ ಯಾರ ಮನಸ್ಸೂ ಒಪ್ಪುವುದಿಲ್ಲ. ನನ್ನ ಸಣ್ಣ ಪ್ರೆಸ್ಸು ಯಾವತ್ತೂ ನನ್ನನ್ನು ಹಾಗೆ ಕಾಡಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ. ಸಾವಿರಗಟ್ಟಲೆ ಮಾರಾಟವಾಗುವ .223ರಂಥ ಅಗ್ಗದ ತೋಟಾವನ್ನು ಕೇವಲ ಡಬ್ಬಿಗೆ ಗುರಿಯಿಟ್ಟು ಆಡಲು ಹೊಡೆಯುವವನಿಗೆ ಉಳಿಯುವುದು ಪುಡಿಗಾಸು. ಅವನು ಪೆಟ್ಟಿಗೆ ತೋಟಾ ಕೊಂಡುಕೊಂಡೇ ಸುಖವಾಗಿರಲಿ.

ಆದರೆ ದುಡ್ಡಿನ ವಾದ ಅವರ ಬಲವಾದ ವಾದವಲ್ಲ. ಅವರ ಬ್ರಹ್ಮಾಸ್ತ್ರ ಅಪಾಯ. ಅದನ್ನೇ ನೋಡೋಣ.

.308 ತೋಟಾದೊಳಗೆ ಒಪ್ಪಿತವಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಕಾರಿನ ಟೈರಿಗೆ ನಾವು ತುಂಬುವ 34ರ ಪಕ್ಕ ಇಟ್ಟರೆ ಸುಮಾರು 1,800 ಪಟ್ಟು. ಅದು ಕೆನ್ನೆಯಿಂದ ಗೇಣು ದೂರದಲ್ಲಿ ನಡೆಯುತ್ತದೆ. ಹೆದರಿಕೆ ಇರಲೇಬೇಕು. ಆದರೆ ಆ ಒತ್ತಡ ಮಿತಿ ಮೀರುವುದು ಯಾವಾಗ? ಒಂದು ಮದ್ದಿನ ಬದಲು ಇನ್ನೊಂದನ್ನು ಹಾಕಿದಾಗ. ಪುಸ್ತಕದ ಅಂಕಿ ದಾಟಿ ತೂಗಿದಾಗ. ಒಂದೇ ಕೇಸಿಗೆ ಎರಡು ಸಲ ಸುರಿದಾಗ. ಹಿಗ್ಗಿ ಉದ್ದವಾದ ಕೇಸನ್ನು ಕತ್ತರಿಸದೆ ಬಿಟ್ಟು ಅದರ ಬಾಯಿ ನಳಿಗೆಯ ಮೊದಲಿಗೆ ಇರುಕಿಕೊಂಡು ಗುಂಡನ್ನು ಬಿಗಿಹಿಡಿದಾಗ. .308ರ ಕೇಸು 2.015 ಇಂಚು ದಾಟಬಾರದು, ಅದನ್ನು ಹೇಳುವುದು ಇಪ್ಪತ್ತು ಚಿಲ್ಲರೆ ಡಾಲರಿನ ಕ್ಯಾಲಿಪರ್. ಈ ಪಟ್ಟಿಯಲ್ಲಿ ಪ್ರೆಸ್ಸಿನ ಬೆಲೆ ಎಲ್ಲಿ ಬಂತು ಹೇಳಿ. ಪ್ರೆಸ್ಸು ಅಂದರೆ ಒಂದು ಸನ್ನೆಗೋಲು. ಕೇಸನ್ನು ಡೈಯೊಳಕ್ಕೆ ದೂಡುವುದು, ಹಿಂದಕ್ಕೆ ಎಳೆಯುವುದು, ಅಷ್ಟೇ ಅದರ ವಿದ್ಯೆ. ಎಂಬತ್ತು ಡಾಲರಿನದು ದೂಡಿದರೂ ನಾನೂರು ಡಾಲರಿನದು ದೂಡಿದರೂ ಅಳತೆ ಕೊಡುವುದು ಡೈ.

ಎರಡು ಸಲ ಸುರಿಯುವ ತಪ್ಪನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಹೊಸಬರನ್ನು ಹೆದರಿಸಲು ಎಲ್ಲರೂ ಎತ್ತುವುದು ಅದನ್ನೇ. ಪಿಸ್ತೂಲಿನ ಮದ್ದು ಚುರುಕು ಜಾತಿಯದು, ಚಿಟಿಕೆಯಷ್ಟು ಸಾಕು. ಆ ಕೇಸಿನಲ್ಲಿ ಎರಡು ಪಾಲು ಬಿದ್ದರೂ ಅಡಗಿ ಕೂರಬಹುದು, ಮೇಲಿನಿಂದ ಕಾಣದೆ ಹೋಗಬಹುದು. ರೈಫಲ್ಲಿನ ಮದ್ದು ನಿಧಾನವಾಗಿ ಉರಿಯುವ, ಗಾತ್ರ ಜಾಸ್ತಿಯ ಜಾತಿ. .308 ಕೇಸಿಗೆ ಸರಿಯಾದ ಮದ್ದು ಆರಿಸಿಕೊಂಡರೆ ಒಂದೇ ಪಾಲಿಗೆ ಹೊಟ್ಟೆ ಮುಕ್ಕಾಲಿಗೂ ಮೇಲೆ ತುಂಬಿರುತ್ತದೆ. ಇನ್ನೊಂದು ಪಾಲು ಸುರಿದರೆ ತುಳುಕಿ ಮೇಜಿನ ಮೇಲೆಲ್ಲ ಚೆಲ್ಲಾಡುತ್ತದೆ, ಕುರುಡನಿಗೂ ಗೊತ್ತಾಗುವ ಹಾಗೆ. ಬಡವನಾದ ಹೊಸಬ ರೈಫಲ್ಲಿನಿಂದ ಶುರು ಮಾಡಿದರೆ ಮದ್ದೇ ಅವನಿಗೆ ಕಾವಲು ಕೂರುತ್ತದೆ. ಇದನ್ನು ಆ ಹಿರಿಯರು ಹುಡುಗನಿಗೆ ಹೇಳಲಿಲ್ಲ. ಹೇಳಿದರೆ ಚೀಟಿ ಅರ್ಧ ಖಾಲಿಯಾಗುತ್ತಿತ್ತು.

ಈಗ ಚೀಟಿಯ ಮೊದಲ ಸಾಲಿನಲ್ಲಿದ್ದ ಪ್ರೊಗ್ರೆಸಿವ್ ಪ್ರೆಸ್ಸು. ತಟ್ಟೆಯಂಥ ಚಕ್ರದ ಮೇಲೆ ನಾಲ್ಕೈದು ಕೇಸು ನಿಂತಿರುತ್ತವೆ. ಹಿಡಿ ಒಮ್ಮೆ ಎಳೆದರೆ ಒಂದರ ಪ್ರೈಮರ್ ಕಳಚುತ್ತದೆ, ಇನ್ನೊಂದಕ್ಕೆ ಮದ್ದು ಬೀಳುತ್ತದೆ, ಮತ್ತೊಂದಕ್ಕೆ ಗುಂಡು ಕೂರುತ್ತದೆ, ಕೊನೆಯದು ತಯಾರಾಗಿ ಬುಟ್ಟಿಗೆ ಉರುಳುತ್ತದೆ. ಜಾಣ ಯಂತ್ರ, ಸಂದೇಹವಿಲ್ಲ. ವಾರಕ್ಕೆ ಸಾವಿರ ಈಡು ಹೊಡೆಯುವ ಸ್ಪರ್ಧಿಗೆ ಅದು ಬೇಕೇ ಬೇಕು. ಆದರೆ ಏನು ಸರಿ, ಏನು ತಪ್ಪು ಅಂತ ಇನ್ನೂ ಕಣ್ಣಿಗೆ ರೂಢಿಯಾಗದ ಹೊಸಬನಿಗೆ ಏಕಕಾಲಕ್ಕೆ ನಾಲ್ಕು ಕಡೆ ನೋಡು ಅನ್ನುವ ಯಂತ್ರ ಕೊಟ್ಟು, ಇದು ನಿನ್ನ ಸುರಕ್ಷತೆಗೆ ಅನ್ನುವುದು ಯಾವ ನ್ಯಾಯ? ಸೈಕಲ್ ಬಾರದವನಿಗೆ ಲಾರಿಯ ಕೀಲಿ ಕೊಟ್ಟು, ಇದರ ಬ್ರೇಕು ಚೆನ್ನಾಗಿದೆ ಅಂದ ಹಾಗಾಯಿತು. ನಮ್ಮ ರೇಂಜಿನಲ್ಲಿ ನಾನೇ ಕಂಡಿದ್ದೇನೆ. ಒಬ್ಬರ ಈಡು 'ಟಪ್' ಅಂತ ಸಪ್ಪೆಯಾಗಿ ಕೇಳಿಸಿತು. ಪಕ್ಕದವನು ಕೂಗಿ ನಿಲ್ಲಿಸದಿದ್ದರೆ ಅವರು ಬೋಲ್ಟ್ ಎಳೆದು ಇನ್ನೊಂದು ಹಾಕುವವರಿದ್ದರು. ಮದ್ದಿನ ಡಬ್ಬಿ ಖಾಲಿಯಾದದ್ದು ತಿಳಿಯದೆ ಯಂತ್ರ ಎಳೆಯುತ್ತಲೇ ಹೋಗಿದ್ದರಂತೆ. ಪ್ರೈಮರಿನ ಬಲವೊಂದಕ್ಕೇ ಗುಂಡು ನಳಿಗೆಯೊಳಗೆ ನಾಲ್ಕು ಬೆರಳು ದೂರ ಹೋಗಿ ಕೂತುಬಿಟ್ಟಿತ್ತು. ಅದರ ಹಿಂದೆ ಇನ್ನೊಂದು ಹಾರಿದ್ದರೆ ನಳಿಗೆ ಸೀಳುತ್ತಿತ್ತು. ಯಂತ್ರ ಆ ಸಾಲಿನಲ್ಲೇ ಅತಿ ಬೆಲೆಯದು.

ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ಸಿನವನು ಏನು ಮಾಡುತ್ತಾನೆ? ಐವತ್ತು ಕೇಸಿಗೂ ಮೊದಲು ಅಳತೆ ಮಾಡುತ್ತಾನೆ. ಆಮೇಲೆ ಐವತ್ತಕ್ಕೂ ಪ್ರೈಮರ್ ಕೂರಿಸಿ ಒಂದೊಂದರ ತಳಕ್ಕೂ ಬೆರಳು ಸವರಿ ಮೇಲೆದ್ದಿದೆಯೇ ಅಂತ ನೋಡುತ್ತಾನೆ. ಐವತ್ತಕ್ಕೂ ಮದ್ದು ಹಾಕಿ ಮಣೆಯಲ್ಲಿ ನಿಲ್ಲಿಸಿ, ಮೇಲಿನಿಂದ ಟಾರ್ಚು ಬಿಟ್ಟು ಒಂದೇ ನೋಟಕ್ಕೆ ಎಲ್ಲದರ ಮಟ್ಟ ಹೋಲಿಸುತ್ತಾನೆ. ಬೇರೆ ದಾರಿಯೇ ಇಲ್ಲದ್ದರಿಂದ ಪ್ರತಿ ಕೇಸೂ ಐದಾರು ಸಲ ಅವನ ಕೈಗೆ ಬರುತ್ತದೆ. ಬಡತನದ ಉಪಕರಣ ಕಲಿಸುವ ಶಿಸ್ತು ಇದು.

ತಕ್ಕಡಿಯ ವಿಷಯಕ್ಕೆ ಬಂದರೆ ನನಗೆ ನಗು ಬರುತ್ತದೆ. ಚೀಟಿಯಲ್ಲಿ 300 ಡಾಲರಿನ ಎಲೆಕ್ಟ್ರಾನಿಕ್ ಯಂತ್ರವಿತ್ತು, ಗುಂಡಿ ಒತ್ತಿದರೆ ತಾನೇ ಮದ್ದು ಅಳೆದು ಸುರಿಯುವಂಥದು. ಗ್ರೇನ್ ಅಂದ ಕೂಡಲೇ ನಮ್ಮ ಜನ ಯಾವುದೋ ವಿಜ್ಞಾನದ ಅಳತೆ ಅಂತ ಗಾಬರಿಯಾಗುತ್ತಾರೆ. ಬ್ರಿಟಿಷರು ನಿಗದಿ ಮಾಡಿದ ತೊಲ ಸರಿಯಾಗಿ 180 ಗ್ರೇನ್. ಆ ತೊಲಕ್ಕೆ ತೊಂಬತ್ತಾರು ಗುಲಗಂಜಿ. ಹಾಗಾಗಿ ಒಂದು ಗುಲಗಂಜಿ ಎರಡು ಗ್ರೇನಿಗೆ ಕೂದಲೆಳೆಯಷ್ಟು ಕಡಿಮೆ. .308ರಲ್ಲಿ ಬಳಸುವ 180 ಗ್ರೇನಿನ ಗುಂಡನ್ನು ನನ್ನ ಅಜ್ಜಿಯ ಕೈಗಿಟ್ಟಿದ್ದರೆ, ಒಂದು ತೊಲ ಇದೆ ಕಣೋ ಅಂದುಬಿಡುತ್ತಿದ್ದರು. ನಮ್ಮೂರಿನ ಅಕ್ಕಸಾಲಿಗರು ಅದೇ ಅಳತೆಯನ್ನು, ಅದೂ ಮದ್ದಿಗಿಂತ ಎಷ್ಟೋ ಪಾಲು ಬೆಲೆಬಾಳುವ ವಸ್ತುವಿನಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯಲ್ಲಿ ತಲೆಮಾರುಗಟ್ಟಲೆ ತೂಗಿದರು. ಅವರು ಮಾಡುತ್ತಿದ್ದದ್ದು ಇಷ್ಟೇ: ಫ್ಯಾನು ಆರಿಸುವುದು, ಉಸಿರು ಬಿಗಿಹಿಡಿಯುವುದು, ಮುಳ್ಳು ನಿಲ್ಲುವವರೆಗೆ ಮಾತಾಡದೆ ಕಾಯುವುದು. ಮುಳ್ಳಿನ ತಕ್ಕಡಿಗೆ ಬ್ಯಾಟರಿ ಬೇಡ, ಅದು ಬಿಸಿಯಾಗಿ ಅಂಕಿ ಜಾರಿಸುವುದಿಲ್ಲ. ನಾನು ನಲವತ್ತು ಡಾಲರಿಗೆ ಕೊಂಡದ್ದು ಇವತ್ತಿಗೂ ಗ್ರೇನಿನ ಹತ್ತನೇ ಒಂದು ಭಾಗಕ್ಕೆ ತಲೆದೂಗುತ್ತದೆ.

ನನ್ನದೇ ಒಂದು ಪೆದ್ದುತನವನ್ನೂ ಹೇಳಬೇಕು. ಈ ಹನ್ನೊಂದು ವರ್ಷಗಳಲ್ಲಿ ನಾನು ಕೆಡಿಸಿದ್ದು ಒಂದೇ ಒಂದು ಡೈ. ಕೆಡಿಸಿದ್ದು ನನ್ನ ಅಗ್ಗದ ಪ್ರೆಸ್ಸಿನಲ್ಲಲ್ಲ, ಗೆಳೆಯರೊಬ್ಬರ ಗ್ಯಾರೇಜಿನಲ್ಲಿ, ನೋಡಿದರೆ ಮುಟ್ಟಲು ಹೆದರಿಕೆಯಾಗುವಂಥ ಭಾರೀ ಪ್ರೆಸ್ಸಿನಲ್ಲಿ. ಕತ್ತು ಸಣ್ಣಗಿರುವ ರೈಫಲ್ ಕೇಸಿಗೆ ಜಿಡ್ಡು ಸವರಿಯೇ ಡೈಗೆ ಒತ್ತಬೇಕು. ಹಿಡಿ ಎಷ್ಟು ನುಣ್ಣಗೆ ಇಳಿಯುತ್ತಿತ್ತು ಅಂದರೆ ಮಾತಾಡುತ್ತ ಮಾತಾಡುತ್ತ ಒಂದು ಒಣ ಕೇಸನ್ನು ಒತ್ತಿಬಿಟ್ಟೆ. ನನ್ನ ಪುಟ್ಟ ಪ್ರೆಸ್ಸಾಗಿದ್ದರೆ ಅರ್ಧದಲ್ಲೇ ಗೊಣಗಿ ನಿಲ್ಲುತ್ತಿತ್ತು. ಆ ದೈತ್ಯ ನನ್ನ ಮೂರ್ಖತನವನ್ನು ಒಂದು ಸದ್ದೂ ಮಾಡದೆ ಪೂರ್ತಿ ಒಳಗೆ ನೂಕಿತು. ಹೊರಗೆ ಎಳೆಯುವಾಗ ಕೇಸಿನ ಅಂಚು ಕಿತ್ತು ಬಂತು, ಮೈ ಡೈಯೊಳಗೇ ಉಳಿಯಿತು. ತೂತು ಕೊರೆದು ಮೊಳೆ ತಿರುಗಿಸಿ ತೆಗೆಯಲು ಹೋಗಿ ಡೈಯನ್ನೂ ಗೀಚಿದೆ. ಗೆಳೆಯರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಹೊಸ ಡೈ ಕೊಡಿಸಿದೆ.

ಈ ಕಸುಬಿನ ಚರಿತ್ರೆಯಾದರೂ ಸಿರಿವಂತರ ಪರವಾಗಿ ಸಾಕ್ಷಿ ಹೇಳುತ್ತದೆಯೇ ಅಂದರೆ ಅದೂ ಇಲ್ಲ. 1870ರ ದಶಕದ ಕಾಡೆಮ್ಮೆ ಬೇಟೆಗಾರರು ಬಯಲಿನಲ್ಲಿ ಬೆಂಕಿಯ ಪಕ್ಕ ಕೂತು ಸೀಸ ಕರಗಿಸಿ ತಮ್ಮ ಶಾರ್ಪ್ಸ್ ರೈಫಲ್ಲಿನ ತೋಟಾ ತುಂಬಿಕೊಳ್ಳುತ್ತಿದ್ದರು. 1880ರ ದಶಕದಲ್ಲಿ ಬಂದ ಐಡಿಯಲ್ ಕಂಪನಿಯ ಸಾಧನ ಇಕ್ಕಳದ ಆಕಾರದ್ದು, ಜೇಬಿಗೆ ಹಿಡಿಸುವಂಥದು. ರೀಲೋಡಿಂಗ್ ಸಾಮಾನಿನಲ್ಲಿ ಆರ್‌ಸಿಬಿಎಸ್ ಅನ್ನುವ ದೊಡ್ಡ ಹೆಸರು 1943ರಲ್ಲಿ, ಯುದ್ಧದ ಕಾಲಕ್ಕೆ ಗುಂಡು ಸಿಗದೆ ಇದ್ದಾಗ, ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಅಪ್ಪನ ಲಾಂಡ್ರಿಯ ಹಿಂಭಾಗದಲ್ಲಿ ಶುರು ಮಾಡಿದ್ದು. ಯುದ್ಧ ಮುಗಿದ ಮೇಲೆ ಕ್ಯಾನ್ಸಸ್ಸಿನ ಬ್ರೂಸ್ ಹಾಜ್‌ಡನ್ ಜೀವವಿಮೆಯ ಮೇಲೆ ಸಾಲ ತೆಗೆದು ಸೈನ್ಯದಲ್ಲಿ ಮಿಕ್ಕ ಮದ್ದನ್ನು ಕೊಂಡು, ಹಳೆಯ ರೈಲು ಡಬ್ಬಿಯಲ್ಲಿ ತುಂಬಿಟ್ಟು, ಜನರಿಗೆ ಸೋವಿಯಾಗಿ ಮಾರಿದರು. ಇವತ್ತು ಆ ಹೆಸರಿನ ಡಬ್ಬಿಗೆ ಎಲ್ಲರೂ ಮುಗಿಬೀಳುತ್ತಾರೆ. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಮನೆಯ ಕಾರ್ಯಾಗಾರದಲ್ಲಿ ಮಾಡಿದ ಲೀ ಲೋಡರ್‌ಗಂತೂ ಪ್ರೆಸ್ಸೇ ಬೇಡ. ಸುತ್ತಿಗೆಯಲ್ಲಿ ತಟ್ಟಿ ತುಂಬುವುದು. ಮೊದಲು ಬಂದದ್ದು ಶಾಟ್‌ಗನ್ನಿಗೆ, ಆಮೇಲೆ ರೈಫಲ್ಲಿಗೆ. ಇವರಲ್ಲಿ ಒಬ್ಬನಾದರೂ ದುಬಾರಿಯಲ್ಲಿ ಶುರು ಮಾಡು ಅನ್ನುವ ಸಲಹೆ ಕೇಳಿ ಕೂತಿದ್ದರೆ ಆ ಅಂಗಡಿಯ ಕಪಾಟು ಇವತ್ತು ಖಾಲಿ ಇರುತ್ತಿತ್ತು.

ಅಂದಮಾತ್ರಕ್ಕೆ ಅಗ್ಗವೆಲ್ಲ ಒಳ್ಳೆಯದು ಅಂತ ಸಾಧಿಸಲು ನಾನು ಹೊರಟಿಲ್ಲ. ಲೀ ಲೋಡರ್ ಕೇಸಿನ ಕತ್ತನ್ನು ಮಾತ್ರ ಬಿಗಿ ಮಾಡುತ್ತದೆ, ಮೈಯನ್ನಲ್ಲ. ಅದೇ ರೈಫಲ್ಲಿನಲ್ಲಿ ಹೊಡೆದ ಕೇಸನ್ನು ಅದೇ ರೈಫಲ್ಲಿಗೆ ತುಂಬಬೇಕು, ಅದೂ ಬೋಲ್ಟಿನದಾಗಿರಬೇಕು. ಸುತ್ತಿಗೆಯಲ್ಲಿ ಪ್ರೈಮರ್ ಕೂರಿಸುವಾಗ ಅಪರೂಪಕ್ಕೆ ಒಂದು 'ಢಂ' ಅಂದು ಎದೆ ಝಲ್ಲೆನಿಸುತ್ತದೆ. ಅದಕ್ಕೇ ನಾನು ಹೊಸಬರಿಗೆ ಸಣ್ಣ ಪ್ರೆಸ್ಸನ್ನೇ ಹೇಳುತ್ತೇನೆ. ಹಳೆಯದು ಸಿಕ್ಕರೆ ಇನ್ನೂ ವಾಸಿ. ಡೈ ಕೂರುವ ತೂತು ಇಂಚಿನ ಎಂಟನೇ ಏಳು ಭಾಗ ಅಗಲ, ಅದರ ತಿರುಪಿಗೆ ಇಂಚಿಗೆ ಹದಿನಾಲ್ಕು ಎಳೆ. ಈ ಅಳತೆಯೇ ರೂಢಿಯಾಗಿ ನಿಂತಿರುವುದರಿಂದ, ತೀರಿಹೋದ ಯಾರದೋ ಗ್ಯಾರೇಜು ಮಾರಾಟದಲ್ಲಿ ಸಿಕ್ಕ, ಐವತ್ತು ವರ್ಷ ಹಳೆಯ ಎರಕದ ಪ್ರೆಸ್ಸಿಗೂ ಇವತ್ತಿನ ಡೈ ಒಗ್ಗುತ್ತದೆ. ತುಕ್ಕು ಉಜ್ಜಿದರಾಯಿತು.

ಆದರೆ ಅದೇ ಗ್ಯಾರೇಜಿನಲ್ಲಿ ಬಾಯಿ ತೆರೆದ ಮದ್ದಿನ ಡಬ್ಬಿ ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಡಬ್ಬಿಯ ಮೇಲಿನ ಚೀಟಿ ಒಂದು ಹೇಳುತ್ತದೆ, ಒಳಗೆ ಇನ್ನೇನಿದೆಯೋ. ನನಗೆ ಹಾಗೆ ಗಂಟುಬಿದ್ದ ಒಂದು ಡಬ್ಬಿಯನ್ನು ಹಿತ್ತಲಿನ ಹುಲ್ಲಿಗೆ ತೆಳ್ಳಗೆ ಉದುರಿಸಿದೆ, ಒಳ್ಳೆಯ ಗೊಬ್ಬರವಾಯಿತು. ಬೇರೆಯವರು ತುಂಬಿದ ತೋಟಾವನ್ನು ಹೊಡೆಯಬಾರದು, ಅವರು ಸ್ವಂತ ಅಣ್ಣನೇ ಆಗಿರಲಿ. ಪುಸ್ತಕಕ್ಕೆ ಜಿಪುಣತನ ಕೂಡದು. ಅದರಲ್ಲಿರುವ ಗರಿಷ್ಠದಿಂದ ಹತ್ತನೇ ಒಂದು ಭಾಗ ತಗ್ಗಿಸಿ ಶುರು ಮಾಡಿ ಸ್ವಲ್ಪಸ್ವಲ್ಪವೇ ಏರಿಸಬೇಕು, ಬೋಲ್ಟು ಬಿಗಿಯಾಗಿ ಏಳತೊಡಗಿದರೆ ಅಲ್ಲಿಗೇ ನಿಲ್ಲಿಸಬೇಕು. ಕನ್ನಡಕವಿಲ್ಲದೆ ಪ್ರೈಮರ್ ಮುಟ್ಟಬಾರದು. ಕೇಸು ದಣಿದಾಗ ಎಸೆಯಲು ಮನಸ್ಸು ಬರಬೇಕು. ದಣಿದದ್ದು ಗೊತ್ತಾಗುವುದು ಹೇಗೆ? ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಕೇಸಿನೊಳಗೆ ಬಿಟ್ಟು ಗೋಡೆ ಸವರುತ್ತ ತಳಕ್ಕೆ ಬನ್ನಿ. ತಳದ ಸ್ವಲ್ಪ ಮೇಲೆ ಸಣ್ಣ ಕಾಲುವೆಯಂತೆ ತಡೆಯಿತೋ, ಒಳಗೆ ಲೋಹ ತೆಳುವಾಗಿದೆ, ಮುಂದಿನ ಈಡಿಗೆ ತಲೆ ಬೇರೆ ಮೈ ಬೇರೆ ಆದೀತು. ಆ ಉಪಕರಣದ ಬೆಲೆ ಒಂದು ಸೆಂಟೂ ಇಲ್ಲ. ಎಷ್ಟು ಹುಡುಕಿದರೂ ಹುಡುಗನ ಚೀಟಿಯಲ್ಲಿ ಅದು ಇರಲಿಲ್ಲ.

ನನ್ನ ಅಜ್ಜನ ಬಳಿ ಕೇಪಿನ ಕೋವಿ ಇತ್ತು, ಗದ್ದೆಗೆ ನುಗ್ಗುವ ಹಂದಿಗಾಗಿ ಬೆಳೆ ರಕ್ಷಣೆಯ ಲೈಸೆನ್ಸಿನದು. ಕರಿಮದ್ದನ್ನು ಕಣ್ಣಳತೆಯಲ್ಲೇ ಸುರಿದು, ಜಡಿಯುವ ಕೋಲು ನಳಿಗೆಯ ಹೊರಗೆ ಎಷ್ಟು ಬೆರಳು ನಿಂತಿತು ಅಂತ ನೋಡುತ್ತಿದ್ದರು. ಅವರಿಗೆ ಅದು ನಡೆಯಿತು, ಕರಿಮದ್ದು ಅಷ್ಟು ಸಡಿಲ ಬಿಡುತ್ತದೆ. ಹೊಗೆರಹಿತ ಮದ್ದು ಬಿಡುವುದಿಲ್ಲ. ಅಜ್ಜನ ಕಣ್ಣಳತೆಯನ್ನು ನೆನೆದು ಯಾರಾದರೂ ಚಮಚೆಯಲ್ಲಿ ಅಂದಾಜು ಸುರಿದರೆ, ಅಥವಾ ಈ ಮದ್ದನ್ನು ಅಂಥ ಕೋವಿಗೆ ಜಡಿದರೆ, ಹಿರಿಯರು ಹೇಳುವ ಅಪಾಯ ಅಲ್ಲಿ ಖಂಡಿತ ಇದೆ. ಅದನ್ನು ತಪ್ಪಿಸುವುದು ನಲವತ್ತು ಡಾಲರಿನ ತಕ್ಕಡಿ.

ಸಮಯಕ್ಕೆ ಬೆಲೆ ಇಲ್ಲವೇ ಅಂತ ಕೇಳುವವರೂ ಇದ್ದಾರೆ. ಇದೆ. ಅವರು ಮೀನು ಹಿಡಿಯಲು ಹೋದಾಗ ಗಂಟೆಗೆ ಎಷ್ಟು ಅಂತ ಲೆಕ್ಕ ಹಾಕುತ್ತಾರೋ ಅದೇ ದರ ನನಗೂ ಹಾಕಲಿ. ಇನ್ನು 2020ರಿಂದ ಒಂದೆರಡು ವರ್ಷ ಪ್ರೈಮರಿನ ಬರ ಬಂದು, ಸಾವಿರಕ್ಕೆ ಮೂವತ್ತು ಚಿಲ್ಲರೆ ಇದ್ದದ್ದು ನೂರು ಡಾಲರ್ ದಾಟಿದಾಗ, ಎಷ್ಟೋ ದೈತ್ಯ ಯಂತ್ರಗಳು ಬಟ್ಟೆ ಹೊದ್ದು ನಿಂತಿದ್ದವು. ನನ್ನ ಬಳಿ ಉಳಿದಿದ್ದ ಇನ್ನೂರು ಪ್ರೈಮರಿನಲ್ಲಿ ನಾನು ಎರಡು ಋತು ಕಳೆದೆ.

ಆ ಹುಡುಗನ ಚೀಟಿಯಲ್ಲಿ ಹತ್ತು ಸಾಲು ಹೊಡೆದು ಹಾಕಿದೆ. ಹಳೆಯ ಪ್ರೆಸ್ಸೊಂದನ್ನು ಐವತ್ತು ಡಾಲರಿಗೆ ಹುಡುಕಿದೆವು. ಒಂದು ಶನಿವಾರ ಸಂಜೆ ಅದನ್ನು ನಮ್ಮ ಊಟದ ಮೇಜಿಗೆ ಕ್ಲಾಂಪಿನಿಂದ ಬಿಗಿದು ಅವನ ಮೊದಲ ಇಪ್ಪತ್ತು ತೋಟಾಕ್ಕೆ ಕೂತೆವು. ಫ್ಯಾನು ಆರಿಸಿದ್ದೆವು. ಮದ್ದು ಹಾಕಿ ಮುಗಿಸಿ ಟಾರ್ಚು ಬಿಟ್ಟವನು ಹನ್ನೊಂದನೆಯ ಕೇಸಿನ ಮೇಲೆ ಬೆರಳಿಟ್ಟ. "ಅಣ್ಣ, ಇದು ಸ್ವಲ್ಪ ತಗ್ಗಿದ ಹಾಗೆ ಕಾಣ್ತಿದೆಯಾ?" ನನಗೇನೂ ಕಾಣಲಿಲ್ಲ. ಹಾಗೆಂದೆ. ಅವನು ಅದನ್ನು ಸುರಿದು ತೂಗಿದ. ಗ್ರೇನಿನ ಹತ್ತನೇ ನಾಲ್ಕು ಭಾಗ ಕಡಿಮೆ ಇತ್ತು, ಏನೂ ಕೇಡಾಗದಷ್ಟು. ಒಳಗಿನಿಂದ ನನ್ನ ಹೆಂಡತಿ ಸಾರು ಆರುತ್ತಿದೆ ಅಂತ ಎರಡನೇ ಸಲ ಕೂಗಿದಳು. ಅವನು ಮಿಕ್ಕ ಹತ್ತೊಂಬತ್ತನ್ನೂ ಒಂದೊಂದಾಗಿ ಸುರಿದು ಮೊದಲಿನಿಂದ ತೂಗಲು ಶುರು ಮಾಡಿದ್ದ.